ಕ್ಯಾಸೆಟ್ಟಿಲ್ಲದ ಗೇಮ್ ಮಿಷನ್ನು

"ಮುಂದಿನ ಭಾನುವಾರ ಶಿಡ್ಲಘಟ್ಟಕ್ಕೆ ಬಾರೋ ದಸ್ತಗಿರ್! ನನ್ನ ಮಿಷನ್ ನೋಡಿ ನಿನ್ನ ಮಿಷನ್ ನಾಚ್ಕೊಂಡು ತಾನಾಗೇ ಆಫ್ ಆಗ್ಬೇಕು. ಆಗ್ಲಿಲ್ಲ ಅಂದ್ರೆ ನಾನು ಖಲೀಮುಲ್ಲಾನೇ ಅಲ್ಲ!"

ಚಿಂತಾಮಣಿಯಲ್ಲಿ ಬಾಮೈದನ ನಡುಮನೆಯಲ್ಲಿ ನಿಂತು ಖಲೀಮುಲ್ಲಾ ಹೀಗೆ ಘರ್ಜಿಸಿದಾಗ ಅವನ ಕೈಯಲ್ಲಿದ್ದದ್ದು ಬಾಮೈದನದೇ ಗೇಮ್ ಮಿಷನ್ನು. ಅದರ ಪರದೆಯ ಮೇಲೆ ಅವನ ಕಾರು ಮಗುಚಿ ಬಿದ್ದಿತ್ತು. ಅದು ತೊಂಬತ್ತೆಂಟನೆಯ ಇಸವಿ. ಅಂಗೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮು ಆಗಷ್ಟೇ ನಮ್ಮ ಕಡೆಯ ಊರುಗಳಿಗೆ ಬಂದಿತ್ತು. ಬಂದದ್ದೇ, ಮಕ್ಕಳನ್ನು ಬಿಟ್ಟು ಮೀಸೆ ಹೊತ್ತ ಗಂಡಸರನ್ನು ಮೊದಲು ಕೆಡಿಸಿತ್ತು.

ದಸ್ತಗಿರನಿಗೆ ಚಿಂತಾಮಣಿಯಲ್ಲಿ ಟೊಮೇಟೊ ಮಂಡಿ. ಅವನ ಮಿಷನ್ನು ನೋಡಲು ಏನೂ ಅಲ್ಲ, ಬೂದು ಬಣ್ಣದ ಒಂದು ಡಬ್ಬಿ, ಮೂಲೆಗಳೆಲ್ಲ ಸವೆದಿದ್ದವು. ಆದರೆ ಅದರ ಜೊತೆಗೆ ಒಂದು ಬಿಸ್ಕತ್ ಟಿನ್ನಿನ ತುಂಬ ಕ್ಯಾಸೆಟ್ಟುಗಳಿದ್ದವು. ಮಿಷನ್ನಿನ ಬೆನ್ನಿಗೆ ಸಿಕ್ಕಿಸುವ ಬಿಲ್ಲೆಗೆ ನಮ್ಮಲ್ಲಿ ಕ್ಯಾಸೆಟ್ ಎಂದೇ ಹೆಸರು. ಒಂದು ಬಿಲ್ಲೆಗೆ ಒಂದು ಆಟ. ಕಾರು, ಕುಸ್ತಿ, ವಿಮಾನ, ಫುಟ್‌ಬಾಲು, ಯಾವ ಬಿಲ್ಲೆ ಸಿಕ್ಕಿಸಿದರೂ ಖಲೀಮುಲ್ಲಾ ಸೋಲುತ್ತಿದ್ದ. ದಸ್ತಗಿರ್ ಮಂಡಿಯಲ್ಲಿ ಕೂತು ದಿನವಿಡೀ ಆಡುವವನು, ಇವನು ನೆಂಟರ ಮನೆಗೆ ಬಂದಾಗ ಆಡುವವನು. ಸೋಲದೆ ಇನ್ನೇನು?

"ಸರಿ ದುಲ್ಹೇಭಾಯ್," ಎಂದ ದಸ್ತಗಿರ್. ಅಕ್ಕನ ಗಂಡನನ್ನು ಅವರಲ್ಲಿ ಹಾಗೆ ಕರೆಯುತ್ತಾರೆ. "ನಿಮ್ಮ ಮನೇಲಿ, ನಿಮ್ಮ ಮಿಷನ್ನಲ್ಲೇ ಆಡಣ. ಸೋತೋರು ಗೌರಿಬಿದನೂರಿನ ಮದುವೇಲಿ ಎಲ್ಲರ ಮುಂದೆ ಗೆದ್ದೋರ್ನ 'ಉಸ್ತಾದ್' ಅಂತ ಕರೀಬೇಕು. ಒಪ್ಪಿದ್ರಾ?"

"ಒಪ್ಪಿದೆ!" ಎಂದುಬಿಟ್ಟ ಖಲೀಮುಲ್ಲಾ.

ಮದುವೆ ಇದ್ದದ್ದು ಮುಂದಿನ ತಿಂಗಳು, ಹೆಂಡತಿಯ ಚಿಕ್ಕಮ್ಮನ ಮನೆಯಲ್ಲಿ. ಖಲೀಮುಲ್ಲಾ ಆ ಮನೆತನದ ಹಿರಿಯ ಅಳಿಯ. ಮೊದಲ ಪಂಕ್ತಿ, ಮೊದಲ ತಟ್ಟೆ, ಮೊದಲ ಸಲಾಮು ಎಲ್ಲ ಅವನಿಗೇ. ಅಂಥವನು ಬಿರಿಯಾನಿಯ ಮುಂದೆ ಕೂತು ಟೊಮೇಟೊ ಮಾರುವ ಬಾಮೈದನನ್ನು "ಉಸ್ತಾದ್" ಎಂದು ಕರೆದರೆ ಆಮೇಲೆ ಮುಖ ತೋರಿಸುವುದು ಹೇಗೆ? ವಾಪಸು ಬರುವ ಬಸ್ಸಿನಲ್ಲಿ ಈ ಯೋಚನೆ ಬಂದು ಅವನಿಗೆ ನಿಜವಾಗಿಯೂ ಭಯವಾಯಿತು.

"ಅಲ್ಲಾರೀ, ಮಿಷನ್ ಎಲ್ಲಿದೆ ನಿಮ್ಮತ್ರ?" ಎಂದು ಕೇಳಿದಳು ಪಕ್ಕದಲ್ಲಿ ಕೂತಿದ್ದ ಹೆಂಡತಿ ಖುರ್ಷಿದ್.

"ತರ್ತೀನಿ ಕಣೇ. ಮಾಲು ನೋಡಿ ತರೋದು ನನಗೆ ಹೇಳಿಕೊಡ್ಬೇಕಾ?"

ಈ ಮಾತಿನಲ್ಲಿ ಸುಳ್ಳಿರಲಿಲ್ಲ. ಖಲೀಮುಲ್ಲಾ ಮನೆಯ ಹಿಂದಿನ ಶೆಡ್ಡಿನಲ್ಲಿ ಗೂಡು ಬೇಯಿಸಿ ರೇಷ್ಮೆ ನೂಲು ತೆಗೆಸುವವನು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅವನನ್ನು ಯಾಮಾರಿಸಿದ ರೈತ ಇನ್ನೂ ಹುಟ್ಟಿರಲಿಲ್ಲ. ರಾಶಿಯ ಮೇಲಿನ ಹೊಳಪು ನೋಡಿ ಬೆಲೆ ಕೂಗುವವನೇ ಅಲ್ಲ. ಮೊಣಕೈವರೆಗೆ ತೋಳು ತೂರಿಸಿ ತಳದಿಂದ ಒಂದು ಹಿಡಿ ಎತ್ತಿ, ಒಂದೊಂದೇ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳುವಿನ ಸದ್ದು ಕೇಳಿದ ಮೇಲೆಯೇ ಬಾಯಿ ಬಿಡುತ್ತಿದ್ದ.

ಮರುದಿನ ಬೆಂಗಳೂರಿನ ಒಂದು ಗಲ್ಲಿಯ ಅಂಗಡಿಯವನು ಅವನ ಮುಂದೆ ಗಾಜಿನ ಬೀರುವಿನಿಂದ ಹೊಚ್ಚಹೊಸ ಮಿಷನ್ನನ್ನು ತೆಗೆದ. ಕಪ್ಪು ಬಣ್ಣ, ಇಟ್ಟಿಗೆಯ ತೂಕ, ಪಕ್ಕದಲ್ಲಿ ಒಂದು ಪುಟ್ಟ ಕಡ್ಡಿ.

"ಗುಂಡಿ ಒತ್ತೋದೇ ಬೇಡ ಸಾರ್, ಪರದೆ ಮೇಲೆ ಕಡ್ಡೀಲಿ ಮುಟ್ಟಿದ್ರೆ ಸಾಕು! ಫೋನ್ ನಂಬರ್ ಬರ್ಕೊಳ್ಳುತ್ತೆ, ಕ್ಯಾಲೆಂಡರ್ ಇದೆ, ಕ್ಯಾಲ್ಕುಲೇಟರ್ ಇದೆ, ದಿನಕ್ಕೆ ಎಷ್ಟು ಸಲ ಬೇಕಾದ್ರೂ ಕೂಗೋ ಅಲಾರಂ ಇದೆ. ಎರಡೆರಡು ಕ್ಯಾಸೆಟ್ ಒಟ್ಟಿಗೇ ಸಿಕ್ಕಿಸ್ಬಹುದು!"

ಎರಡು ಕ್ಯಾಸೆಟ್ಟು! ದಸ್ತಗಿರನ ಡಬ್ಬಿಗೆ ಇದ್ದದ್ದು ಒಂದೇ ಕಿಂಡಿ. ಖಲೀಮುಲ್ಲಾನ ಎದೆ ಉಬ್ಬಿತು.

"ಆಟ ಯಾವ್ಯಾವ್ದಿದೆ?"

"ಒಂದು ಒಳಗೇ ಇದೆ ಸಾರ್. ಮಿಕ್ಕಿದ್ದಕ್ಕೆ ಕ್ಯಾಸೆಟ್ ಬರುತ್ತೆ."

"ಯಾವಾಗ?"

"ಬರುತ್ತೆ ಸಾರ್!"

ಖಲೀಮುಲ್ಲಾ ಮಿಷನ್ನನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದ. ಒಳಗೆ ಏನೂ ಸದ್ದಾಗಲಿಲ್ಲ. ಗಟ್ಟಿ ಮಾಲು ಎಂದು ತೀರ್ಮಾನಿಸಿ ಜೇಬಿಗೆ ಕೈ ಹಾಕಿದ.

ಸಂಜೆ ಖುರ್ಷಿದಳ ಮುಂದೆ ಮಿಷನ್ನಿನ ಮಹಿಮೆ ಬಿಚ್ಚಿಕೊಂಡಿತು. ಜಂಗಮಕೋಟೆಯ ಕನ್ನಡ ಶಾಲೆಯಲ್ಲಿ ಓದಿದವಳು ಅವಳು. ಆ ಮನೆಯಲ್ಲಿ ಉರ್ದುವಿನಲ್ಲಿ ಶುರುವಾದ ಮಾತು ಜೋರಾದಂತೆಲ್ಲ ಕನ್ನಡಕ್ಕೆ ತಿರುಗುವುದು ಮಾಮೂಲು.

"ಅಲ್ಲಾಡಿಸಿ ನೋಡೇ ತಂದೆ, ಒಂಚೂರೂ ಸದ್ದಿಲ್ಲ! ಇದರಲ್ಲಿ ನೂರಾರು ಜನರ ಫೋನ್ ನಂಬರ್ ಇಟ್ಕೋಬಹುದು ಕಣೇ!"

"ನಮಗೆ ಗೊತ್ತಿರೋರಲ್ಲಿ ಫೋನ್ ಇರೋರು ಮೂರು ಜನ. ಅದರಲ್ಲಿ ಒಬ್ರು ನಾವೇ."

"ಲೆಕ್ಕ ಮಾಡುತ್ತೆ. ಒಂದು ಲೆಕ್ಕ ಹೇಳು ನೋಡಣ."

ಅವಳು ಹಾಲಿನ ಲೆಕ್ಕ ಹೇಳಿದಳು. ಅವನು ಕಡ್ಡಿಯ ತುದಿಯಿಂದ ಏಳನ್ನು ಹುಡುಕುತ್ತಿರುವಾಗಲೇ ಅವಳೇ ಉತ್ತರವನ್ನೂ ಹೇಳಿ ಮುಗಿಸಿದಳು.

"ಕ್ಯಾಲೆಂಡರ್ ನೋಡು, ಇನ್ನೂ ಐವತ್ತು ವರ್ಷದ್ದು ತೋರಿಸುತ್ತೆ!"

"ನಾಳೆ ನಲ್ಲೀಲಿ ನೀರು ಬರುತ್ತಾ ಅಂತ ತೋರಿಸುತ್ತಾ?"

"ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು."

"ಅರ್ಥ ಆಗ್ದೆ ಏನು? ಸದ್ದು ಬರದ ಗೂಡನ್ನ ಸಂತೇಲಿ ನೀವು ಮೂಸಿ ನೋಡ್ತೀರಾ? ಸತ್ತ ಹುಳು ಅಂತ ಮುಂದಕ್ಕೆ ಹೋಗ್ತೀರ. ಇದನ್ನ ಮಾತ್ರ ಸದ್ದಿಲ್ಲ ಅಂತಲೇ ತಂದಿದ್ದೀರ! ಸರಿ, ಆಟ ಎಲ್ಲಿ?"

ಖಲೀಮುಲ್ಲಾ ಗತ್ತಿನಿಂದ ಕಡ್ಡಿ ಒತ್ತಿದ. ಪರದೆಯ ತುಂಬ ಆಟ ಹರಡಿಕೊಂಡಿತು. ರಾಜ, ರಾಣಿ, ಗುಲಾಮ, ಎಕ್ಕ. ಇಸ್ಪೀಟು!

ಗಂಡಹೆಂಡಿರಿಬ್ಬರೂ ಒಟ್ಟಿಗೇ ಬಾಗಿಲ ಕಡೆ ನೋಡಿದರು. ಯಾಕೆಂದರೆ ಅದು ಜಾನ್ ಬೀಯವರ ಮನೆ. ಖಲೀಮುಲ್ಲಾನ ತಾಯಿ ಜಾನ್ ಬೀಯವರಿಗೆ ಇಸ್ಪೀಟು ಎಂದರೆ ಶೈತಾನನ ಪಠ್ಯಪುಸ್ತಕ. ಹಿಂದೊಮ್ಮೆ ಶೆಡ್ಡಿನ ಕೆಲಸದವರು ಊಟದ ಹೊತ್ತಿನಲ್ಲಿ ಇಸ್ಪೀಟೆಲೆ ಹಾಕಿಕೊಂಡು ಕೂತಿದ್ದಾಗ ಆಕೆ ಇಡೀ ಕಟ್ಟನ್ನು ಗೂಡು ಬೇಯುತ್ತಿದ್ದ ಬಿಸಿನೀರಿಗೆ ಎಸೆದಿದ್ದರು. ಆ ದಿನದ ನೂಲಿನಲ್ಲಿ ಆಟೀನು ರಾಣಿಯ ಬಣ್ಣ ಇತ್ತು ಎಂದು ಕೆಲಸದವರು ಈಗಲೂ ಆಣೆ ಮಾಡುತ್ತಾರೆ.

"ಕ್ಯಾಸೆಟ್ ಬರೋವರೆಗೂ ಅಮ್ಮೀಗೆ ತಿಳೀಬಾರ್ದು," ಎಂದು ಖಲೀಮುಲ್ಲಾ ಪಿಸುಗುಟ್ಟುವುದಕ್ಕೂ ಜಾನ್ ಬೀ ತಸ್ಬಿಯ ಮಣಿ ಎಣಿಸುತ್ತ ಒಳಗೆ ಬರುವುದಕ್ಕೂ ಸರಿಹೋಯಿತು. ಗಾಬರಿಗೆ ಅವನು ಕಡ್ಡಿಯಿಂದ ಪರದೆಯನ್ನು ಎಲ್ಲೆಂದರಲ್ಲಿ ತಿವಿದ. ಎಲೆಗಳು ಮಾಯವಾಗಿ ಮಿಷನ್ನು ಕೀಂ ಕೀಂ ಎಂದು ಮೊಹಲ್ಲಾ ಏಳುವಂತೆ ಅರಚಿಕೊಂಡಿತು.

"ಇದೇನು ಬೇಟಾ, ಹೀಗೆ ಕೂಗ್ತದೆ?"

"ಅಲಾರಂ ಅಮ್ಮೀ! ಐದು ಹೊತ್ತಿನ ನಮಾಜಿಗೂ ಸರಿಯಾಗಿ ಕೂಗುತ್ತೆ. ನಿಮಗೋಸ್ಕರಾನೇ ತಂದೆ!"

ಬಾಯಿಂದ ಜಾರಿದ ಮಾತನ್ನು ಮತ್ತೆ ನುಂಗಲಾದೀತೆ? ಜಾನ್ ಬೀಯವರ ಕಣ್ಣಲ್ಲಿ ನೀರು ಬಂತು. ಅವರ ಹಳೆಯ ಟೈಂಪೀಸು ಕೆಟ್ಟು ಎಷ್ಟೋ ತಿಂಗಳಾಗಿತ್ತು. ಮಗನಿಗೆ ಹೇಳಿ ಹೇಳಿ ಸಾಕಾಗಿ ಸುಮ್ಮನಾಗಿದ್ದರು. ಮಗನ ತಲೆಯ ಮೇಲೆ ಕೈಯಿಟ್ಟು ದುವಾ ಮಾಡಿದರು. ಖಲೀಮುಲ್ಲಾನಿಗೆ ನಾಚಿಕೆಯಾಯಿತು, ಆದರೆ ನಿಜ ಹೇಳುವಷ್ಟು ಆಗಲಿಲ್ಲ. ಐದು ಹೊತ್ತಿಗೂ ಅಲಾರಂ ಇಟ್ಟುಕೊಟ್ಟ. ಅವರು ಮಿಷನ್ನನ್ನು ಹಸಿರು ಮಖಮಲ್ಲಿನಲ್ಲಿ ಸುತ್ತಿ ತಮ್ಮ ಮಂಚದ ತಲೆದಿಸೆಯಲ್ಲಿ ಇಟ್ಟುಕೊಂಡರು.

ಮಾರನೆಯ ದಿನದಿಂದ ಪಕ್ಕದ ಮನೆಯ ವಜೀರುನ್ನೀಸಾ ಮೊದಲಾಗಿ ಓಣಿಯ ಹೆಂಗಸರೆಲ್ಲ ಬಂದು ಮಿಷನ್ನಿನ ದರ್ಶನ ಮಾಡಿ, "ಮಗ ಅಂದ್ರೆ ಹೀಗಿರ್ಬೇಕು" ಎಂದು ಹೇಳಿ ಚಹಾ ಕುಡಿದು ಹೋದರು. ಅಂಥ ಮಗ ಅಷ್ಟು ಹೊತ್ತಿಗೆ ಕಿಂಡಿಯ ಅಳತೆಗೆ ಕತ್ತರಿಸಿದ ರಟ್ಟನ್ನು ಜೇಬಿನಲ್ಲಿಟ್ಟುಕೊಂಡು, ಬಸ್ಸು ಹತ್ತಿ ಇಳಿದು ಕ್ಯಾಸೆಟ್ ಹುಡುಕುತ್ತ ಅಲೆಯುತ್ತಿದ್ದ. ಶಿಡ್ಲಘಟ್ಟದಲ್ಲಿ ಸಿಕ್ಕ ಕ್ಯಾಸೆಟ್ಟು ದಪ್ಪವಾಯಿತು. ಗೌರಿಬಿದನೂರಿನದು ಅಗಲವಾಯಿತು. ಚಿಕ್ಕಬಳ್ಳಾಪುರದ ಅಂಗಡಿಯವನು ಮಿಷನ್ನಿನ ಹೆಸರು ಕೇಳಿ, "ಅಣ್ಣ, ಇದನ್ನ ಮಾಡ್ದೋರು ಎರಡು ಕಿಂಡಿ ಕೊರೆಯೋ ಸಂಭ್ರಮದಲ್ಲಿ ಕ್ಯಾಸೆಟ್ ಮಾಡೋದೇ ಮರ್ತವ್ರೆ," ಎಂದ.

ಭಾನುವಾರ ಬಂದೇ ಬಂತು. ದಸ್ತಗಿರ್ ಒಂದು ಬುಟ್ಟಿ ಟೊಮೇಟೊ ಹಿಡಿದುಕೊಂಡು ನಗುತ್ತ ಬಂದ. ಊಟ ಮುಗಿದು ಜಾನ್ ಬೀ ಮಲಗಿದ ಮೇಲೆ ಖಲೀಮುಲ್ಲಾ ಬೆಕ್ಕಿನ ಹೆಜ್ಜೆಯಲ್ಲಿ ಹೋಗಿ ಮಖಮಲ್ಲಿನೊಳಗಿಂದ ಮಿಷನ್ನನ್ನು ಎತ್ತಿಕೊಂಡು ಬಂದ. ಭಾವ ಬಾಮೈದರಿಬ್ಬರೂ ಹಿತ್ತಲಿನ ಶೆಡ್ಡಿನಲ್ಲಿ ಕೂತರು.

"ಎರಡು ಕಿಂಡಿ ನೋಡು! ಕಡ್ಡಿ ನೋಡು! ಫೋನ್ ಬುಕ್ ನೋಡು!"

"ನೋಡ್ದೆ. ಆಟ ಎಲ್ಲಿ ದುಲ್ಹೇಭಾಯ್?"

ಬೇರೆ ದಾರಿಯಿರಲಿಲ್ಲ. ಇಸ್ಪೀಟು ಬಂತು. ದಸ್ತಗಿರ್ ಒಂದು ಕ್ಷಣ ಬೆಚ್ಚಿ ಮನೆಯ ಕಡೆ ನೋಡಿದ, ಆಮೇಲೆ ಬಾಯಿಗೆ ಕರವಸ್ತ್ರ ತುರುಕಿಕೊಂಡು ನಕ್ಕ. ಎಲೆಗಳನ್ನು ಎಕ್ಕದಿಂದ ರಾಜನವರೆಗೆ ಸಾಲಾಗಿ ಜೋಡಿಸಬೇಕು. ಯಾರು ಹೆಚ್ಚು ಜೋಡಿಸುತ್ತಾರೋ ಅವರದೇ ಗೆಲುವು ಎಂದು ಮಾತಾಯಿತು. ಜನ್ಮದಲ್ಲಿ ಎಲೆ ಮುಟ್ಟದ ಖಲೀಮುಲ್ಲಾ ಮೂರನೆಯ ಎಲೆಗೇ ಸಿಕ್ಕಿಹಾಕಿಕೊಂಡ. "ನಾನೂ ಎಲೆ ಮುಟ್ಟಿದವನಲ್ಲಪ್ಪ" ಎನ್ನುತ್ತ ದಸ್ತಗಿರ್ ಕಡ್ಡಿ ಹಿಡಿದ. ಮಂಡಿಯಲ್ಲಿ ಅವನು ಬರೀ ಟೊಮೇಟೊ ಮಾರುವುದಿಲ್ಲ ಎಂಬುದು ಅವನ ಬೆರಳು ಓಡಿದ ರೀತಿಯಲ್ಲೇ ಗೊತ್ತಾಯಿತು. ಎಲೆಗಳು ಸರಸರನೆ ಮನೆ ಸೇರಿದವು. ಖಲೀಮುಲ್ಲಾ ಬೆವೆತುಹೋದ. ಉಳಿದದ್ದು ಎರಡೋ ಮೂರೋ ಎಲೆ.

"ಉಸ್ತಾದ್ ಅನ್ನೋದನ್ನ ಈಗ್ಲಿಂದಲೇ ಅಭ್ಯಾಸ ಮಾಡ್ಕೊಳ್ಳಿ ದುಲ್ಹೇಭಾಯ್."

ಅಷ್ಟರಲ್ಲಿ ಮಿಷನ್ನು ಕೀಂ ಕೀಂ ಎಂದು ಅರಚಿತು. ಸಂಜೆಯ ನಮಾಜಿನ ಅಲಾರಂ! ಆಟ ಪೂರ್ತಿ ಅಳಿಸಿಹೋಗಿ ಪರದೆಯ ಮೇಲೆ ಗಂಟೆ ಮಾತ್ರ ನಿಂತಿತು. ದಸ್ತಗಿರ್ ಗಾಬರಿಯಿಂದ ಕಡ್ಡಿ ಒತ್ತಿದ. ಹೊಸ ಎಲೆಗಳು ಮೊದಲಿನಿಂದ ಹರಡಿಕೊಂಡವು.

"ಆಟ ರದ್ದು!" ಎಂದು ಖಲೀಮುಲ್ಲಾ ಕುಣಿದ.

"ರದ್ದು ಹೆಂಗಾಗುತ್ತೆ? ನಾನು ಗೆದ್ದಿದ್ದೆ!"

"ಎಲ್ಲಿ, ತೋರ್ಸು ನೋಡಣ!"

"ಮೋಸ! ನೀವೇ ಬೇಕಂತ ಇಟ್ಟಿದ್ದೀರ!"

ಇಬ್ಬರೂ ಕತ್ತಿನ ಪಟ್ಟಿ ಹಿಡಿದುಕೊಳ್ಳುವುದರಲ್ಲಿದ್ದರು. ಹಿಂದೆ ಯಾರೋ ಕೆಮ್ಮಿದರು. ಅಲಾರಮಿಗೆ ಎದ್ದು, ತಲೆದಿಸೆಯಲ್ಲಿ ಮಿಷನ್ ಕಾಣದೆ, ಸದ್ದು ಬಂದ ಕಡೆ ಹುಡುಕಿಕೊಂಡು ಬಂದ ಜಾನ್ ಬೀ ಬಾಗಿಲಲ್ಲಿ ನಿಂತಿದ್ದರು. ಅವರ ಹಿಂದೆ ಖುರ್ಷಿದ್. ದಸ್ತಗಿರನ ಕೈಯಲ್ಲಿ ಇಸ್ಪೀಟು ರಾಣಿ ಹೊಳೆಯುತ್ತಿದ್ದಳು.

"ಅಮ್ಮೀ, ಇವನು ಏನೋ ಒತ್ತಿದ, ಎಲೆ ಬಂದುಬಿಡ್ತು!" ಎಂದ ಖಲೀಮುಲ್ಲಾ.

"ಮಿಷನ್ ಅವರದು!" ಎಂದ ದಸ್ತಗಿರ್.

ಜಾನ್ ಬೀ ಸೊಸೆಯ ಕಡೆ ತಿರುಗಿದರು. ಖುರ್ಷಿದ್ ಗಂಡ ಎಂದೂ ನೋಡಲಿಲ್ಲ, ತಮ್ಮ ಎಂದೂ ನೋಡಲಿಲ್ಲ. ಬೆಂಗಳೂರಿನ ಅಂಗಡಿಯಿಂದ ಹಿಡಿದು ಉಸ್ತಾದ್ ಪಂದ್ಯದವರೆಗೆ ಎಲ್ಲವನ್ನೂ ಹೇಳಿಬಿಟ್ಟಳು. ಖಲೀಮುಲ್ಲಾ ಗೂಡು ಬೇಯಿಸುವ ತೊಟ್ಟಿಯನ್ನೇ ನೋಡುತ್ತ ನಿಂತ. ಭಾನುವಾರವಾದ್ದರಿಂದ ನೀರು ತಣ್ಣಗಿತ್ತು. ಆದರೂ ಮಿಷನ್ ಅದರೊಳಗೆ ಹೋಗುವುದು ಖಂಡಿತ ಎಂದುಕೊಂಡ.

ಜಾನ್ ಬೀ ಮಿಷನ್ನನ್ನು ತೆಗೆದುಕೊಂಡು ಸೆರಗಿನಿಂದ ಒರೆಸಿದರು.

"ಇದರ ಹೊಟ್ಟೇಲಿ ಇಸ್ಪೀಟಿದೆ, ನಿಜ. ಆದ್ರೂ ಹೊತ್ತಾದ ತಕ್ಷಣ ಆಟ ಬಿಟ್ಟು ಕೂಗ್ತು. ನೀವಿಬ್ರೂ ಎದ್ರಾ? ಉಸ್ತಾದ್ ಅಂತ ಯಾರನ್ನಾದ್ರೂ ಕರೀಲೇಬೇಕು ಅಂದ್ರೆ ಇದನ್ನ ಕರೀರಿ. ಇದು ಕೂಗಿದಾಗೆಲ್ಲ ನಮಾಜಿಗೆ ಏಳ್ಬೇಕು, ಮನೇಲಾಗ್ಲಿ ಮದುವೇಲಾಗ್ಲಿ."

ಗೌರಿಬಿದನೂರಿನ ಮದುವೆಯಲ್ಲಿ ಮೊದಲ ಪಂಕ್ತಿಯ ಮೊದಲ ತಟ್ಟೆ ಹಿರಿಯ ಅಳಿಯನ ಮುಂದೆಯೇ ಬಂತು. ಪಕ್ಕದಲ್ಲಿ ದಸ್ತಗಿರ್. ಬಿರಿಯಾನಿಯ ಹಬೆ ಮುಖಕ್ಕೆ ಬಡಿಯುತ್ತಿತ್ತು. ಖಲೀಮುಲ್ಲಾ ಒಳ್ಳೆಯದೊಂದು ತುಂಡು ಆರಿಸಿ ಬಾಯಿಯವರೆಗೆ ತಂದಿದ್ದ. ಹೆಂಗಸರ ಕಡೆಯ ಪರದೆಯ ಹಿಂದಿನಿಂದ ಕೀಂ ಕೀಂ ಎಂಬ ಸದ್ದು ಬಂತು.

"ಖಲೀಮ್! ದಸ್ತಗಿರ್! ಉಸ್ತಾದ್ ಕರೀತಿದ್ದಾರೆ!" ಎಂದು ಜಾನ್ ಬೀ ಮಂಟಪಕ್ಕೆಲ್ಲ ಕೇಳುವಂತೆ ಕೂಗಿದರು.

"ಯಾವ ಉಸ್ತಾದ್?" ಎಂದು ಪಂಕ್ತಿಯವರೆಲ್ಲ ಕತ್ತೆತ್ತಿದರು. ಇಬ್ಬರೂ ತುಂಡುಗಳನ್ನು ತಟ್ಟೆಗೇ ಇಳಿಸಿ, ತಲೆ ತಗ್ಗಿಸಿಕೊಂಡು ಕೈ ತೊಳೆಯುವ ಕಡೆ ನಡೆದರು.

"ದುಲ್ಹೇಭಾಯ್, ಅದರ ಸೆಲ್ ಎಷ್ಟು ದಿನ ಬರುತ್ತೆ?" ಎಂದು ದಸ್ತಗಿರ್ ನಲ್ಲಿಯ ಹತ್ತಿರ ಪಿಸುಗುಟ್ಟಿದ.

"ಎರಡು ಕಿಂಡಿ, ಫೋನ್ ಬುಕ್ಕು, ಕ್ಯಾಲೆಂಡರ್ ಎಲ್ಲಾ ಇದೆಯಲ್ಲೋ, ಸೆಲ್ ಸಿಕ್ಕಾಪಟ್ಟೆ ತಿನ್ನುತ್ತೆ. ಇವತ್ತೋ ನಾಳೆಯೋ ಮುಗಿಯುತ್ತೆ, ಸುಮ್ನಿರು."

ಚೊಂಬು ತುಂಬಿಸಿಕೊಳ್ಳಲು ಬಂದಿದ್ದ ಖುರ್ಷಿದ್ ನಲ್ಲಿ ತಿರುಗಿಸುತ್ತ ಅಂದಳು:

"ಬೆಳಿಗ್ಗೆ ಹೊರಡೋವಾಗ ನಾನೇ ಹೊಸಾ ಸೆಲ್ ಹಾಕ್ದೆ. ಬ್ಯಾಗಲ್ಲಿ ಇನ್ನೊಂದು ಡಜನ್ ಇದೆ. ಬೇಗ ಹೋಗ್ಬನ್ನಿ, ಬಿರಿಯಾನಿ ತಣ್ಣಗಾಗುತ್ತೆ."