ಬಾಟಲಿಯ ಮೇಲೆ ಆರಿಂಚು ಪ್ಲಾಸ್ಟರ್

ಇಂದ:
ದಾಕ್ಷಾಯಣಿ,
ಸ್ಟಾಫ್ ನರ್ಸ್ (ತಾತ್ಕಾಲಿಕ, ಒಂಬತ್ತನೇ ವರ್ಷ),
ಮಕ್ಕಳ ವಾರ್ಡು, ಗಿರಿಜಾಂಬಾ ಧರ್ಮಾಸ್ಪತ್ರೆ, ತುಮಕೂರು.

ಗೆ:
ಗೌರವ ಕಾರ್ಯದರ್ಶಿಗಳು, ಆಡಳಿತ ಮಂಡಳಿ,
ಅದೇ ಆಸ್ಪತ್ರೆ, ಫ್ಯಾನ್ ಇರುವ ಕೊಠಡಿ.

ದಿನಾಂಕ: 26-8-1983, ಶುಕ್ರವಾರ, ಮಧ್ಯಾಹ್ನ ಮೂರು ಗಂಟೆ.

ವಿಷಯ: ಮಕ್ಕಳಿಗೆ ಹಾಕುವ ಗ್ಲೂಕೋಸ್ ಬಾಟಲಿಯ ಮೇಲೆ ಆರಿಂಚು ಪ್ಲಾಸ್ಟರ್ ಅಂಟಿಸಿ, ಅದರ ಮೇಲೆ ನಾಲ್ಕು ಗೆರೆ ಎಳೆಯಲು ಅನುಮತಿ ಕೋರಿ.

ಉಲ್ಲೇಖ:
1. ಮಂಡಳಿಯ ನಿರ್ಣಯ, ದಿ. 8-8-83 (“ಸದರಿ ಚಿತ್ರಗಳನ್ನು ಕೂಡಲೇ ಕೆರೆದು ತೆಗೆಯತಕ್ಕದ್ದು”).
2. ಅರ್ಜಿದಾರಳಿಗೆ ಬಂದ ಕಾರಣ ಕೇಳಿ ನೋಟೀಸು, ದಿ. 18-8-83.
3. ವಾರ್ಡಿನ ಗಡಿಯಾರ ರಿಪೇರಿ ಬಗ್ಗೆ ಅರ್ಜಿದಾರಳ ಏಳು ಅರ್ಜಿಗಳು (ಉತ್ತರವಿಲ್ಲ).
4. ಸೂಪರಿಂಟೆಂಡೆಂಟ್ ಸಾಹೇಬರು ವರಾಂಡದಲ್ಲಿ ಎಲೆಯಡಿಕೆ ಉಗಿದು ದಯಪಾಲಿಸಿದ ಮೌಖಿಕ ಆದೇಶ (“ಇನ್ನು ಪ್ಲಾಸ್ಟರ್ ಮುಟ್ಟಕೂಡದು”).

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಸದರಿ ಅರ್ಜಿದಾರಳು ಗುಬ್ಬಿ ತಾಲೂಕು ಕಡಬದವಳು. ಅವಳ ವಾರ್ಡಿನಲ್ಲಿ ಇಪ್ಪತ್ತಾರು ಮಂಚಗಳಿವೆ, ಹಗಲಿಗೆ ಒಬ್ಬ ನರ್ಸು ಇದ್ದಾಳೆ, ಆ ಒಬ್ಬಳು ಇವಳೇ. ಗುಬ್ಬಿ, ಕುಣಿಗಲ್, ಹೆಬ್ಬೂರು ಕಡೆಯಿಂದ ವಾಂತಿಭೇದಿಯಾದ ಕೂಸುಗಳು ಸೀರೆ ಸೆರಗಿನಲ್ಲಿ ಸುತ್ತಿಸಿಕೊಂಡು ಬರುತ್ತವೆ. ಕಣ್ಣು ಗುಳಿ ಬಿದ್ದಿರುತ್ತದೆ, ಅಳಲೂ ತ್ರಾಣವಿರುವುದಿಲ್ಲ. ಡಾಕ್ಟರು “ಈ ಬಾಟಲಿ ಎಂಟು ಗಂಟೆ ಹೋಗಲಿ” ಎಂದು ಚೀಟಿಯಲ್ಲಿ ಬರೆದು ಹೋಗುತ್ತಾರೆ. ಹನಿ ಹಿಡಿದಿಡುವ ಚಕ್ರವನ್ನು ಅರ್ಜಿದಾರಳು ಎಣಿಸಿ ತಿರುಗಿಸುತ್ತಾಳೆ. ಚಕ್ರ ಹಳೆಯದು, ಜಾರುತ್ತದೆ. ಮಗು ಕೈ ಹೊರಳಿಸಿದರೂ ಸಾಕು, ಹನಿ ಧಾರೆಯಾಗುತ್ತದೆ. ದೊಡ್ಡವರ ಬಾಟಲಿ ಎಳೆಗೂಸಿನ ಮೈಗೆ ಒಂದೆರಡು ಗಂಟೆಯಲ್ಲಿ ಇಳಿದರೆ ನೀರು ಪುಪ್ಪುಸಕ್ಕೆ ಏರುತ್ತದೆ. ನೀರಿಲ್ಲದೆ ಬಂದ ಮಗು ನೀರು ಹೆಚ್ಚಾಗಿ ಸಾಯುತ್ತದೆ.

2. ಇದು ಎಷ್ಟು ಸಲ ಆಗುತ್ತಿದೆ ಎಂದು ಯಾರೂ ಕೇಳಿರಲಿಲ್ಲ. ಆದಕಾರಣ ಅರ್ಜಿದಾರಳು ಕಳೆದ ಡಿಸೆಂಬರಿನಿಂದ ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದಿಡತೊಡಗಿದಳು. ನಾಲ್ಕು ತಿಂಗಳಲ್ಲಿ ನೂರಾ ಹನ್ನೆರಡು ಬಾಟಲಿ; ಹೊತ್ತಿಗೆ ಮೊದಲೇ ಖಾಲಿಯಾದವು ಮೂವತ್ತೊಂದು. ಅದರಿಂದ ಉಳಿಯದೆ ಹೋದ ಮಕ್ಕಳೆಷ್ಟು ಎಂಬುದು ಅದೇ ಹಾಳೆಯಲ್ಲಿದೆ, ಅದನ್ನು ಇಲ್ಲಿ ಮತ್ತೆ ಬರೆಯಲು ಅವಳಿಗೆ ಮನಸ್ಸಿಲ್ಲ.

3. ಮಂಚದ ಪಕ್ಕ ಕಣ್ಣು ಮಿಟುಕಿಸದೆ ಕೂರುವವರು ಇಡೀ ಆಸ್ಪತ್ರೆಯಲ್ಲಿ ಒಬ್ಬರೇ, ತಾಯಂದಿರು. ಅವರಲ್ಲಿ ಹೆಚ್ಚಿನವರಿಗೆ ಗಡಿಯಾರ ನೋಡಲು ಬಾರದು. ಬಂದರೂ ವಾರ್ಡಿನ ಗಡಿಯಾರ ಮೂರು ವರ್ಷದಿಂದ ಹತ್ತೂ ಹತ್ತಕ್ಕೆ ನಿಂತಿದೆ (ಉಲ್ಲೇಖ 3). ಆದರೆ ಹೊತ್ತು ಅವರ ಕಿವಿಗೆ ಗೊತ್ತು. ಆದ್ದರಿಂದ ಅರ್ಜಿದಾರಳು ಬಾಟಲಿಗೆ ಉದ್ದಕ್ಕೆ ಪ್ಲಾಸ್ಟರ್ ಅಂಟಿಸಿ ನಾಲ್ಕು ಗೆರೆ ಎಳೆದು, ಒಂದೊಂದರ ಪಕ್ಕ ಒಂದೊಂದು ಚಿತ್ರ ಬರೆದಳು. ಹನ್ನೆರಡು ಗಂಟೆಯ ಮಿಲ್ ಸೈರನ್ನಿಗೆ ಚಿಮಣಿ. ಮಧ್ಯಾಹ್ನ ಮಸೀದಿಯಿಂದ ಕೂಗುವ ಬಾಂಗಿಗೆ ಮಿನಾರು. ನಾಲ್ಕಕ್ಕೆ ಗೇಟಿನ ಮುಂದೆ ಹಾರನ್ ಹೊಡೆಯುವ ಕುಣಿಗಲ್ ಬಸ್ಸು. ಸಂಜೆ ಈಶ್ವರನ ಗುಡಿಯ ಗಂಟೆ. ಸದ್ದಿಗೆ ಮೊದಲೇ ನೀರು ಆ ಗೆರೆಗಿಂತ ಕೆಳಗಿಳಿದರೆ ಕೂಗಿ ಎಂದು ತಾಯಂದಿರಿಗೆ ಹೇಳಿದಳು. ಅಷ್ಟೇ.

4. ಮುಂದಿನ ನಾಲ್ಕು ತಿಂಗಳಲ್ಲಿ ನೂರಾ ಹದಿನೆಂಟು ಬಾಟಲಿ, ಕೈಮೀರಿದವು ನಾಲ್ಕು. ಗುಬ್ಬಿಯ ಮಸ್ತಾನ್ ಬೀ ತನ್ನ ಮೊಮ್ಮಗನ ಬಾಟಲಿಯ ಜೊತೆಗೆ ಪಕ್ಕದ ಮಂಚದ್ದನ್ನೂ ಕಾಯುತ್ತಿದ್ದರು. ಅರ್ಜಿದಾರಳು ಹಿಗ್ಗಿ, ಬುದ್ಧಿ ಕಡಿಮೆಯಾಗಿ, ಹಾಳೆಗಳನ್ನು ಸೂಪರಿಂಟೆಂಡೆಂಟ್ ಸಾಹೇಬರಿಗೆ ತೋರಿಸಿದಳು. ಸಾಹೇಬರು ಹಾಳೆಯನ್ನು ತಿರುವಿ, ಅದರ ಹಿಂದಿದ್ದ ಲಕ್ಷ್ಮಿಯ ಚಿತ್ರವನ್ನು ನೋಡಿ ಹೀಗೆಂದರು: “ನರ್ಸು ರಿಸರ್ಚ್ ಮಾಡ್ತಾ ಕೂತ್ರೆ, ನಾವೇನ್ ಬೆಡ್‌ಪ್ಯಾನ್ ಎತ್ತಬೇಕೇನಮ್ಮ?” ಎತ್ತಿದರೆ ತಪ್ಪೇನಿಲ್ಲ ಎಂದು ಅರ್ಜಿದಾರಳು ಅಂದು ಹೇಳಲಿಲ್ಲ. ಈ ಮೂಲಕ ಹೇಳಬಯಸುತ್ತಾಳೆ.

5. ಸಾಹೇಬರು ಒಂದು ಖಾಲಿ ಬಾಟಲಿಯನ್ನು ಮಂಡಳಿಯ ಸಭೆಗೆ ಒಯ್ದು ಮೇಜಿನ ಮೇಲೆ ಇಟ್ಟರು. ಗ್ಲೂಕೋಸ್ ಬಾಟಲಿ ವಾರ್ಡಿನಲ್ಲಿ ಬಾಯಿ ಕೆಳಗಾಗಿ ನೇತಾಡುತ್ತದೆ, ಮೇಜಿನ ಮೇಲೆ ಬಾಯಿ ಮೇಲಾಗಿ ನಿಲ್ಲುತ್ತದೆ. ಸಭೆಯಲ್ಲಿದ್ದ ಏಳು ಜನರಲ್ಲಿ ಒಬ್ಬರೂ ವಾರ್ಡಿಗೆ ಬಂದವರಲ್ಲವಾದ ಕಾರಣ ಇದು ಯಾರಿಗೂ ಹೊಳೆಯಲಿಲ್ಲ. ಮಿನಾರು ತಲೆಕೆಳಗಾಗಿ ಕಂಡು ಸದಸ್ಯರಾದ ಖುರ್ಷಿದ್ ಪಾಷಾ ಸಾಹೇಬರು ನೊಂದುಕೊಂಡರು. ಅವರ ಸಮಾಧಾನಕ್ಕೆಂದು ಬಾಟಲಿ ತಿರುಗಿಸಿ ಹಿಡಿದಾಗ ಗಂಟೆ ಎಲ್ಲಕ್ಕಿಂತ ಕೆಳಗೆ ಬಂದಿತು. ಈಶ್ವರನ ಗಂಟೆ ಬಸ್ಸಿನ ಕೆಳಗೋ ಎಂದು ಇನ್ನೊಬ್ಬ ಸದಸ್ಯರಾದ ಮಹಾಲಿಂಗಯ್ಯನವರು ಎದ್ದು ನಿಂತರು. ಹತ್ತು ವರ್ಷದಿಂದ ಆಸ್ಪತ್ರೆಗೆ ಯಾವ ಬಣ್ಣ ಬಳಿಯಬೇಕೆಂಬುದರಲ್ಲೂ ಒಮ್ಮತಕ್ಕೆ ಬಾರದ ಇಬ್ಬರೂ ಅಂದು ಐದೇ ನಿಮಿಷದಲ್ಲಿ ಒಂದಾಗಿ ನಿರ್ಣಯ ಬರೆಸಿದರು (ಉಲ್ಲೇಖ 1). ನೀರು ಮೇಲಿನಿಂದ ಕೆಳಕ್ಕೆ ಇಳಿಯುವುದೂ, ಸಂಜೆಯು ಮಧ್ಯಾಹ್ನದ ನಂತರ ಬರುವುದೂ ಅರ್ಜಿದಾರಳು ಮಾಡಿದ ತಪ್ಪಲ್ಲವೆಂದು ಈ ಮೂಲಕ ಸ್ಪಷ್ಟಪಡಿಸಲಾಗಿದೆ.

6. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಾರನೇ ದಿನ ಸ್ಟೋರ್ ಕೀಪರ್ ಚನ್ನವೀರಯ್ಯನವರು ಬ್ಲೇಡು, ಸೀಮೆಎಣ್ಣೆ ಹಿಡಿದು ಬಂದು ಎಲ್ಲ ಬಾಟಲಿಗಳನ್ನೂ ಕೆರೆದು ಫಳಫಳ ಹೊಳೆಸಿದರು. ಹತ್ತು ವರ್ಷದಲ್ಲಿ ಆ ಸ್ಟೋರಿನಲ್ಲಿ ಅದೊಂದೇ ಕೆಲಸ ಹೇಳಿದ ದಿನವೇ ಮುಗಿದದ್ದು.

7. ದಿ. 10-8-83, ಬುಧವಾರ. ಮೂರು ದಿನದಿಂದ ವಾರ್ಡಿನಲ್ಲಿದ್ದು, ಹಿಂದಿನ ಬಾಟಲಿಯನ್ನು ಗೆರೆ ನೋಡಿ ಕಾದಿದ್ದ ಹೆಬ್ಬೂರಿನ ನರಸಮ್ಮನ ಎಂಟು ತಿಂಗಳ ಹೆಣ್ಣುಮಗುವಿಗೆ ಬೆಳಿಗ್ಗೆ ಹತ್ತಕ್ಕೆ ಬಾಟಲಿ ಏರಿಸಲಾಯಿತು. ಕುಣಿಗಲ್ ಕಡೆಯ ಒಂದು ಮಗುವಿಗೆ ಫಿಟ್ಸ್ ಬಂದಿದ್ದರಿಂದ ಅರ್ಜಿದಾರಳು ವಾರ್ಡಿನ ಆ ತುದಿಯಲ್ಲಿದ್ದಳು. ಸೈರನ್ ಕೂಗಿದಾಗ ತಿರುಗಿ ಬಂದು ನೋಡಿದರೆ ಬಾಟಲಿ ಬರಿದು, ಮಗುವಿನ ಬಾಯಲ್ಲಿ ನೊರೆ. ನರಸಮ್ಮ ಎಲ್ಲೂ ಎದ್ದು ಹೋಗಿರಲಿಲ್ಲ, ಎರಡು ಗಂಟೆಯೂ ಬಾಟಲಿಯನ್ನೇ ನೋಡುತ್ತಾ ಕೂತಿದ್ದಳು. ಮಗು ತಣ್ಣಗಾದ ಮೇಲೆ ಅವಳು ಅರ್ಜಿದಾರಳ ಕೈ ಹಿಡಿದು, “ಗೆರೆ ಇರ್ಲಿಲ್ವಲ್ಲ ಸಿಸ್ಟ್ರಮ್ಮ, ಯಾವಾಗ ಕೂಗ್ಬೇಕೋ ಗೊತ್ತಾಗ್ನಿಲ್ಲ. ನಂದೇ ತಪ್ಪಾಯ್ತಾ?” ಎಂದು ಕೇಳಿದಳು.
ತಪ್ಪು ಯಾರದೆಂದು ಅರ್ಜಿದಾರಳಿಗೆ ಗೊತ್ತಿತ್ತು. ಅಂದು ಬಂದ ಸಿಟ್ಟು ಇನ್ನೂ ಇಳಿದಿಲ್ಲ. ರಿಜಿಸ್ಟರಿನಲ್ಲಿ ಮರಣಕಾರಣ “ವಾಂತಿಭೇದಿ” ಎಂದು ನಮೂದಾಗಿದೆ.

8. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯಿದೆ. ಮಂಡಳಿ ಬಾಗಿಲನ್ನೂ ಹಾಕಲಿಲ್ಲ, ಕಾವಲಿದ್ದವಳಿಗೆ ನೋಟೀಸು ಕೊಟ್ಟಿತು. ಆಸ್ಪತ್ರೆಯ ಪ್ಲಾಸ್ಟರ್ ದುರುಪಯೋಗ, ಬಾಟಲಿಗಳ ಅಂದಗೆಡಿಸಿದ್ದು, ಉಭಯ ಧರ್ಮಗಳ ಮನಸ್ಸು ನೋಯಿಸಿದ್ದು: ಮೂರು ಆರೋಪ. ನರಸಮ್ಮನ ಮಗುವಿನ ಹೆಸರು ಅದರಲ್ಲಿ ಎಲ್ಲೂ ಇಲ್ಲ. ಮಗುವಿನ ಹೆಸರು ಗೌರಿ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ಪ್ಲಾಸ್ಟರ್ ಅಂಟಿಸಲು ಅನುಮತಿ ನೀಡಬೇಕಾಗಿ ಕೋರಿಕೆ. ಚಿತ್ರಗಳೇ ಅಡ್ಡಿಯಾದರೆ ಮಿನಾರಿನ ಜಾಗದಲ್ಲಿ ಅನ್ನದ ತಟ್ಟೆ, ಗಂಟೆಯ ಜಾಗದಲ್ಲಿ ದೀಪ ಬರೆಯಲು ಅರ್ಜಿದಾರಳು ಸಿದ್ಧಳಿದ್ದಾಳೆ. ಅದೂ ಆಗದೆಂದಾದಲ್ಲಿ, ಮಂಡಳಿಯ ಕೊಠಡಿಯಲ್ಲಿರುವ ಓಡುವ ಗಡಿಯಾರವನ್ನೋ, ಅದರ ಕೆಳಗೆ ಕೂರುವವರ ಪೈಕಿ ಯಾರಾದರೂ ಒಬ್ಬರನ್ನೋ ಹನಿ ಎಣಿಸುವ ಸಲುವಾಗಿ ವಾರ್ಡಿಗೆ ವರ್ಗಾಯಿಸಬೇಕು. ಗಡಿಯಾರವಾದರೆ ಒಳ್ಳೆಯದು.

ಕೊನೆಗೆ ಹೀಗೆಯೇ ಬರೆಯಬೇಕೆಂದು ಹೆಡ್ ಕ್ಲರ್ಕ್ ಅಂಜನಮೂರ್ತಿಯವರು ತಿಳಿಸಿರುವುದರಿಂದ,
ತಮ್ಮ ವಿಶ್ವಾಸಿ,
(ಸಹಿ) ದಾಕ್ಷಾಯಣಿ

ಅಡಕ:
1. ಕ್ಯಾಲೆಂಡರ್ ಹಾಳೆಗಳು, ಎಂಟು. (ಲೆಕ್ಕ ಇರುವುದು ಹಿಂಬದಿಯಲ್ಲಿ.)
2. ನೋಟೀಸಿನ ನಕಲು.
3. ದಿ. 10-8-83ರ ಬಾಟಲಿಯ ಪ್ಲಾಸ್ಟರ್ ಪಟ್ಟಿ: ಲಗತ್ತಿಸಿಲ್ಲ. ನಿರ್ಣಯದ ಪ್ರಕಾರ ಅಂಟಿಸಿರಲಿಲ್ಲ.

ವಿಶೇಷ ಸೂಚನೆ: ಮಸ್ತಾನ್ ಬೀಯವರ ಮೊಮ್ಮಗ ಜಹೀರ್, ಹನ್ನೊಂದು ತಿಂಗಳು, ನಿನ್ನೆ ಮತ್ತೆ ಭೇದಿ ಹತ್ತಿ ಬಂದು ನಾಲ್ಕನೇ ಮಂಚದಲ್ಲಿದ್ದಾನೆ. ಇಂದು ಬೆಳಿಗ್ಗೆ ಹತ್ತಕ್ಕೆ ಅರ್ಜಿದಾರಳು ತನ್ನ ಮನೆಯಿಂದ ತಂದ ಪ್ಲಾಸ್ಟರನ್ನು ಅವನ ಬಾಟಲಿಗೆ ಅಂಟಿಸಿ ನಾಲ್ಕೂ ಗೆರೆ, ನಾಲ್ಕೂ ಚಿತ್ರ ಬರೆದಿದ್ದಾಳೆ. ಇದು ಆದೇಶದ ಉಲ್ಲಂಘನೆಯೆಂಬುದು ಅವಳಿಗೆ ತಿಳಿದಿದೆ. ಅಮಾನತಿನ ಆದೇಶವನ್ನು ಈಗಲೇ ಟೈಪ್ ಮಾಡಿಸಿ ಇಟ್ಟುಕೊಳ್ಳಲು ಅವಳ ಅಭ್ಯಂತರವಿಲ್ಲ. ಆದರೆ ಅದನ್ನು ವಾರ್ಡಿಗೆ ತಂದು ಸಹಿ ಹಾಕಿಸಿಕೊಳ್ಳುವುದನ್ನು ಸಂಜೆ ಗುಡಿಯಲ್ಲಿ ಗಂಟೆ ಹೊಡೆದು, ನೀರು ಕೊನೆಯ ಗೆರೆ ಮುಟ್ಟಿದ ನಂತರ ಇಟ್ಟುಕೊಳ್ಳಬೇಕಾಗಿ ಪ್ರಾರ್ಥನೆ. ಅಲ್ಲಿಯವರೆಗೆ ಅವಳ ಕೈ ಖಾಲಿಯಿರುವುದಿಲ್ಲ.