ಸೋಫಾ ಅಂಗಡಿಯೊಳಗೆ ಇಳಕಲ್ ಸೀರೆ

ಸಿದ್ಧ ವೆಬ್‌ಸೈಟ್‌ನಲ್ಲಿ ಹೆಸರು, ಬಣ್ಣ, ಚಿತ್ರ ಬದಲಿಸುವುದು ಎರಡು ದಿನದ ಕೆಲಸ ಎಂದು ನಾನು ಪ್ರತಿ ಗಿರಾಕಿಗೂ ಹೇಳುತ್ತೇನೆ. ಪ್ರತಿ ಸಲವೂ ಏನಾದರೊಂದು ನಡೆದೇ ನಡೆಯುತ್ತದೆ. ಇದಕ್ಕೆ ಕಾರಣ ಹುಡುಕಲು ಒಂದು ನೋಟುಬುಕ್ ಇಟ್ಟಿದ್ದೇನೆ. ಅದು ತುಂಬಿದೆ, ಕಾರಣ ಸಿಕ್ಕಿಲ್ಲ.

ಕೆಲಸ ಸರಳ. ಯಾರೋ ಮೊದಲೇ ಕಟ್ಟಿಟ್ಟ ವೆಬ್‌ಸೈಟ್‌ಗೆ ಟೆಂಪ್ಲೇಟ್ ಎನ್ನುತ್ತಾರೆ. ಅದನ್ನು ತಂದು ಗಿರಾಕಿಯ ಅಂಗಡಿಗೆ ಹೊಂದಿಸಿ ಕೊಡುವುದು. ಬಿ.ಎಸ್ಸಿ. ಮುಗಿಸಿ ಬಾಗಲಕೋಟೆಯ ಮನೆಯಲ್ಲಿ ಕುಳಿತು ಬಾದಾಮಿಯ ಒಂದು ಲಾಡ್ಜು, ಗುಳೇದಗುಡ್ಡದ ಒಂದು ಕುಪ್ಪಸದ ಖಣದ ಅಂಗಡಿ, ಇವೆರಡರ ವೆಬ್‌ಸೈಟ್ ಮುಗಿಸಿದ್ದೆ. ಆಗ ಇಳಕಲ್‌ನಿಂದ ಸೀರೆ ವ್ಯಾಪಾರಿಯೊಬ್ಬರ ಫೋನು ಬಂತು. ನಾನು ಅವರನ್ನು ಕಾಕಾ ಎನ್ನುತ್ತೇನೆ. ಅವರ ಕೈಕೆಳಗೆ ಎಂಟು ಕೈಮಗ್ಗ. ಪುಣೆಯಲ್ಲಿ ದೊಡ್ಡ ಸೀರೆ ಅಂಗಡಿ ಇಟ್ಟಿರುವ ಹೆಂಗಸೊಬ್ಬರು (ನಮ್ಮ ಕಡೆ ಗೌರವದಿಂದ ಬಾಯಿ ಎನ್ನುತ್ತೇವೆ), “ನಿಮ್ಮ ವೆಬ್‌ಸೈಟ್ ಕಳಿಸಿ, ಸೋಮವಾರ ನೋಡಿ ನಿರ್ಧಾರ ಮಾಡ್ತೇನೆ” ಎಂದಿದ್ದರಂತೆ. ಅವರು ಒಪ್ಪಿದರೆ ಎಂಟೂ ಮಗ್ಗ ನಡೆಯುತ್ತವೆ. ಒಪ್ಪದಿದ್ದರೆ ನಾಲ್ಕನ್ನು ಬಿಚ್ಚಿಡಬೇಕು. ಸೋಮವಾರಕ್ಕೆ ಹತ್ತು ದಿನವಿತ್ತು. ವೆಬ್‌ಸೈಟ್ ಇರಲಿಲ್ಲ.

ಗೋಡೆ

ನಾನು ತಂದ ಟೆಂಪ್ಲೇಟು ಯಾವುದೋ ದೇಶದ ಸೋಫಾ ಅಂಗಡಿಗಾಗಿ ಮಾಡಿದ್ದು. ತೆರೆದ ಕೂಡಲೇ ಬಿಳಿ ಸೋಫಾ, ಅದರ ಮೇಲೆ ತಂದೆ, ತಾಯಿ, ಇಬ್ಬರು ಮಕ್ಕಳು, ಒಂದು ನಾಯಿ. ಎಲ್ಲರೂ ನಗುತ್ತಿದ್ದರು, ನಾಯಿಯೂ ಸೇರಿ. ಅವರನ್ನೆಲ್ಲ ಎಬ್ಬಿಸಿ ಕಳಿಸಿ, ಆ ಜಾಗದಲ್ಲಿ ಕೆಂಪು ಸೆರಗಿನ ಒಂದು ಸೀರೆ ಹರಡಿದೆ. ಇಳಕಲ್‌ನ ಅಂಗಡಿಗೆ ಹೋಗಿ ಕಾಕಾಗೆ ತೋರಿಸಿದೆ.

“ಸೀರಿ ಯಾಕ ಮ್ಯಾಲ ಬಂತು?”

“ಸೀರಿ ಅಂಗಡಿ ಅಲ್ಲೇನ್ರಿ ಕಾಕಾ?”

“ನೋಡವಾ, ನೀ ಈ ಅಂಗಡ್ಯಾಗ ಕಾಲಿಟ್ಟಾಗ ಮೊದಲ ಏನ್ ಕಂಡಿ?”

ತಿರುಗಿ ನೋಡಿದೆ. ಎದುರಿನ ಗೋಡೆಯ ಮೇಲೆ ಬಸವಣ್ಣನವರು. ಕೆಳಗೆ ಮಠದ ಸ್ವಾಮಿಗಳಾದ ಅಜ್ಜನವರು. ಅದರ ಕೆಳಗೆ ಕಾಕಾನ ಅಜ್ಜ, ಅಪ್ಪ, ದೊಡ್ಡಪ್ಪ, ಮೂವರಿಗೂ ಹಾರ. ಸೀರೆಗಳು ಕಪಾಟಿನೊಳಗಿದ್ದವು.

“ಇದ ಕ್ರಮ. ಅದರಾಗೂ ಹಿಂಗ ಬರ್ಲಿ. ಹಾರ ಮರೀಬ್ಯಾಡ. ಹಾರ ಇಲ್ಲಂದ್ರ ಅಪ್ಪಗ ಫೋನ್ ಕೊಡ್ರಿ ಅಂತ ಮಂದಿ ಕೇಳ್ತಾರ.”

ಹಾಗೇ ಹಾಕಿದೆ. ಆಮೇಲೆ ಅಳತೆ ಮಾಡಿ ನೋಡಿದೆ. ಮೊಬೈಲಿನಲ್ಲಿ ಹೆಬ್ಬೆರಳನ್ನು ಆರು ಸಲ ಮೇಲಕ್ಕೆ ಎಳೆದ ಮೇಲೆ ಮೊದಲ ಸೀರೆ ಕಾಣುತ್ತಿತ್ತು. ಅದನ್ನು ಕಾಕಾಗೆ ತಿಳಿಸಿದೆ.

“ಆರು ಸಲ ಎಳಿಯೋವಷ್ಟು ತಾಳ್ಮಿ ಇಲ್ಲದಾಕಿ,” ಎಂದರು ಕಾಕಾ, “ಒಂಬತ್ತು ಗಜದ ಸೀರಿ ಹ್ಯಾಂಗ ಉಡ್ತಾಳ?”

ಎತ್ತರದ ಇಂಗ್ಲಿಷು

ಟೆಂಪ್ಲೇಟಿನಲ್ಲಿ ಬರಹದ ಜಾಗ ಖಾಲಿ ಕಾಣಬಾರದೆಂದು ಅರ್ಥವಿಲ್ಲದ ಸಾಲುಗಳನ್ನು ತುಂಬಿರುತ್ತಾರೆ. ನೋಡಲು ಲ್ಯಾಟಿನ್ ತರಹ ಇರುತ್ತದೆ, ಓದಲು ಏನೂ ಇರುವುದಿಲ್ಲ. ನಾನು ಅದನ್ನು ಇನ್ನೂ ತೆಗೆದಿರಲಿಲ್ಲ. ಅಷ್ಟರಲ್ಲಿ ಕಾಕಾ ಅದನ್ನು ಪ್ರಿಂಟ್ ಹಾಕಿಸಿ, ಹುನಗುಂದದಲ್ಲಿದ್ದ ತಮ್ಮ ಬೀಗರಿಗೆ ತಿದ್ದಲು ಕಳಿಸಿದ್ದರು. ಬೀಗರು ನಿವೃತ್ತ ಇಂಗ್ಲಿಷ್ ಮಾಸ್ತರು. ಎರಡು ಹಾಳೆ ಕೆಂಪು ಮಸಿಯೊಂದಿಗೆ ವಾಪಸು ಬಂದವು. ಮೂರು ಕಡೆ ಅಲ್ಪವಿರಾಮ ಸೇರಿಸಿದ್ದರು. ಕೆಳಗೆ ಒಂದು ಷರಾ: “ಭಾಷೆ ಉನ್ನತ ಮಟ್ಟದ್ದು. ಬದಲಿಸಬೇಡಿ.”

ಕಾಕಾ ಬದಲಿಸಲು ಬಿಡಲಿಲ್ಲ. ನಾನು ಮಾಸ್ತರಿಗೇ ಫೋನ್ ಮಾಡಿದೆ.

“ಸರ್, ಆ ಬರಹಕ್ಕ ಅರ್ಥ ಇಲ್ರಿ. ಜಾಗಾ ತುಂಬಲಿಕ್ಕೆ ಹಾಕಿರ್ತಾರ.”

“ನನಗೂ ತಿಳೀಲಿಲ್ಲವಾ,” ಎಂದರು ಮಾಸ್ತರು. “ಆದ್ರ ಕಂಪನಿಯವ್ರು ಬರದದ್ದು ನನಗ ಎಂದ ತಿಳದೈತಿ?”

ನಾಲ್ಕು ವೃತ್ತ, ಐದು ಜನ

“ನಮ್ಮ ತಂಡ” ಎಂಬ ಪುಟದಲ್ಲಿ ಫೋಟೊ ಹಾಕಲು ನಾಲ್ಕು ವೃತ್ತಗಳಿದ್ದವು. ಕಾಕಾ ಐದು ಜನ ಅಣ್ಣತಮ್ಮಂದಿರಲ್ಲಿ ಎರಡನೆಯವರು. ಐದನೆಯ ವೃತ್ತ ಸೇರಿಸಿದರೆ ಅದೊಂದೇ ಕೆಳಗಿನ ಸಾಲಿಗೆ ಇಳಿಯುತ್ತಿತ್ತು. ವಯಸ್ಸಿನ ಪ್ರಕಾರ ಅಲ್ಲಿ ಸಣ್ಣ ತಮ್ಮ ಬಂದ. ಆತ ಬಾಗಲಕೋಟೆಗೇ ಬಂದು ನಮ್ಮ ಮನೆಯ ಕಟ್ಟೆಯ ಮೇಲೆ ಕುಳಿತ.

“ನಾಲ್ಕು ಮಂದಿ ಜಮಖಾನಿ ಮ್ಯಾಲ, ನಾ ಒಬ್ಬಾಂವ ಚಪ್ಪಲಿ ಬಿಡೋ ಜಾಗಾದಾಗ. ಹಿಂಗ ಆತಲ್ರಿ ಇದು?”

ವಿಚಾರ ಮಾಡಿ ಐವರನ್ನೂ ಒಂದೇ ಸಾಲಿಗೆ ಹಾಕಿ, ಸಾಲನ್ನು ತಿರುಗಲು ಬಿಟ್ಟೆ. ಒಬ್ಬೊಬ್ಬರೇ ಬಂದು ಹೋಗುತ್ತಾರೆ. ಮೊದಲು ಯಾರೂ ಇಲ್ಲ, ಕೊನೆಗೆ ಯಾರೂ ಇಲ್ಲ. ಎಲ್ಲರೂ ಒಪ್ಪಿದರು. ಒಂದು ದಿನ ಸಮಾಧಾನವಾಗಿ ಕಳೆಯಿತು. ಮರುದಿನ ಹಿರಿಯ ಅಣ್ಣ ಫೋನ್ ಮಾಡಿದರು.

“ಮುಂಜಾನಿಂದ ನೋಡಾಕತ್ತೀನಿ ತಂಗಿ. ಸಣ್ಣಾಂವ ಬಂದಾಗ ತುಸು ಹೆಚ್ಚು ಹೊತ್ತು ನಿಲ್ತೈತಿ.”

ಗಡಿಯಾರ ಹಿಡಿದು ಹತ್ತು ಸುತ್ತು ಅಳೆದೆ. ಪ್ರತಿಯೊಬ್ಬರಿಗೂ ಮೂರೇ ಸೆಕೆಂಡು. ಹಾಗೆಂದು ಹೇಳಿದೆ.

“ಅಂವ ನಿಮ್ಮ ಮನೀಗೆ ಬಂದಿದ್ದನಲ್ಲ,” ಎಂದರು ಅವರು. “ಆ ಗಡಿಯಾರ ಅಂವನೇ ಕೊಟ್ಟು ಹೋದನೇನು?”

ಚಾ

ಈ ಟೆಂಪ್ಲೇಟು ತೆರೆದ ಕೂಡಲೇ ಒಂದು ಸಣ್ಣ ಚೌಕ ಎದ್ದು ಬಂದು, ಇಮೇಲ್ ವಿಳಾಸ ಕೊಡಿ ಎನ್ನುತ್ತಿತ್ತು. ಕಾಕಾಗೆ ಇದನ್ನು ಸಹಿಸಲಾಗಲಿಲ್ಲ.

“ಬಂದವರನ್ನ ಬಾಗಲಾಗ ನಿಂದ್ರಿಸಿ ವಿಳಾಸ ಕೇಳಾಕ ನಾವೇನು ಪೊಲೀಸರೇನು? ಬರ್ರಿ ಅನಬೇಕು. ಎಲ್ಲಿಂದ ಬಂದ್ರಿ, ಚಾ ತರಸ್ಲೇನು ಅನಬೇಕು. ಆಮ್ಯಾಲ ವ್ಯಾಪಾರ.”

ಅದನ್ನೇ ಬರೆದೆ: “ಬರ್ರಿ. ಎಲ್ಲಿಂದ ಬಂದ್ರಿ? ಚಾ ತರಸ್ಲೇನು?” ಕೆಳಗೆ ಉತ್ತರ ಬರೆಯಲು ಜಾಗ. ಪರೀಕ್ಷೆಗೆಂದು ಕಾಕಾ ಅದನ್ನು ಬಂಧುಬಳಗದವರಿಗೆಲ್ಲ ಕಳಿಸಿದರು. ಸಂಜೆ ಉತ್ತರಗಳನ್ನು ತೆಗೆದು ನೋಡಿದೆ. ಸೀರೆಯ ಬಗ್ಗೆ ಒಂದು ಮಾತೂ ಇರಲಿಲ್ಲ.

“ಗುಳೇದಗುಡ್ಡದಿಂದ. ಚಾ ಬ್ಯಾಡ್ರಿ, ಈಗ ಆತು.”

“ಬಾದಾಮಿ. ಸಕ್ಕರಿ ಕಡಿಮಿ ಇರ್ಲಿ.”

“ಕಲಾದಗಿ. ನಾವು ಐದು ಮಂದಿ ಅದೀವಿ.”

ಅದೇ ಕಲಾದಗಿಯಿಂದ ಅರ್ಧ ತಾಸಿನ ಮೇಲೆ ಇನ್ನೊಂದು: “ಬಂದು ಕುಂತು ಭಾಳ ಹೊತ್ತಾತು. ಚಾ ಇನ್ನೂ ಬಂದಿಲ್ಲ.”

ಬಂದ್

ಭಾನುವಾರ ಮಧ್ಯಾಹ್ನ ಎಲ್ಲ ಮುಗಿಯಿತು. ಕಾಕಾನನ್ನು ಒಪ್ಪಿಸಿ, ಅರ್ಥವಿಲ್ಲದ ಬರಹ ತೆಗೆದು ಅರ್ಥವಿದ್ದದ್ದು ಹಾಕಿದ್ದೆ. ಅರವತ್ತು ಸೀರೆಗಳ ಫೋಟೊ, ಪ್ರತಿಯೊಂದರ ಜೊತೆ ನೇಯ್ದವರ ಮಾತು. ಮರುದಿನ ಪುಣೆಯ ಬಾಯಿ ನೋಡುವುದಷ್ಟೇ ಬಾಕಿ. ಆಗ ಕಾಕಾನ ಫೋನು.

“ತಂಗಿ, ನಾಳಿ ಅಮವಾಸ್ಯಿ.”

“ಹೌದ್ರಿ.”

“ಮಗ್ಗ ಬಂದ್. ಅಂಗಡಿ ಬಂದ್. ಅದನ್ನೂ ಬಂದ್ ಮಾಡು.”

ವೆಬ್‌ಸೈಟ್‌ಗೆ ಅಮವಾಸ್ಯೆ ಇರುವುದಿಲ್ಲ ಎಂದು ವಿವರಿಸಿದೆ. ಬಾಯಿ ನೋಡುವುದು ನಾಳೆಯೇ ಎಂದು ನೆನಪಿಸಿದೆ. ನಾಲ್ಕು ಮಗ್ಗದ ಮಾತನ್ನೂ ಎತ್ತಿದೆ.

“ಗೊತ್ತೈತಿ. ಮಗ್ಗ ಮುಟ್ಟಬ್ಯಾಡ್ರಿ ಅಂತ ನೇಕಾರ್ರಿಗೆ ನಾನ ಹೇಳಿ, ನಾ ಹಿತ್ತಲ ಬಾಗಲಾ ತಗದು ವ್ಯಾಪಾರ ಮಾಡ್ಲೇನು? ಮಂಗಳವಾರ ಅವರ ಮುಂದ ಯಾವ ಮುಖ ಹೊತ್ಕೊಂಡು ನಿಂದ್ರಲಿ?”

“ಒಂದ ದಿನ ಕಾಕಾ. ನೇಕಾರ್ರಿಗೆ ತಿಳಿಯಂಗಿಲ್ಲ.”

“ನನಗ ತಿಳಿತೈತಲ್ಲ.”

ವೆಬ್‌ಸೈಟ್ ರಿಪೇರಿಯಲ್ಲಿದ್ದಾಗ ತೋರಿಸಲೆಂದು ಟೆಂಪ್ಲೇಟಿನಲ್ಲಿ ಒಂದು ಬಿಳಿ ಪುಟ ಇರುತ್ತದೆ. ಅದನ್ನು ಮುಂದೆ ತಂದು, ಕಾಕಾ ಹೇಳಿದಂತೆ ಬರೆದೆ: “ಇವತ್ತು ಅಮವಾಸ್ಯಿ. ಮಗ್ಗ ನಿಂತಾವ. ನಾಳೆ ಬರ್ರಿ.” ಹತ್ತು ದಿನದ ಕೆಲಸ ಈ ಮೂರು ಮಾತಿನ ಹಿಂದೆ ಹೋಗಿ ಕುಳಿತಿತು.

ಸೋಮವಾರ ಫೋನು ಬರಲಿಲ್ಲ. ಮಂಗಳವಾರ ಬೆಳಿಗ್ಗೆ ವೆಬ್‌ಸೈಟ್‌ನ ಬಾಗಿಲು ತೆಗೆದು, ಹಿಂದಿನ ದಿನ ಯಾರು ಬಂದಿದ್ದರು ಎಂದು ಲೆಕ್ಕ ನೋಡಿದೆ. ಪುಣೆಯಿಂದ ಒಬ್ಬರು. ಎಂಟು ಸೆಕೆಂಡು ಇದ್ದು ಹೋಗಿದ್ದರು. ಮಂಗಳವಾರ ಅವರು ಮತ್ತೆ ಬರಲಿಲ್ಲ. ಬುಧವಾರವೂ ಇಲ್ಲ. ಬುಧವಾರ ಸಂಜೆ ಕಾಕಾ ತಾವಾಗಿಯೇ ಫೋನ್ ಮಾಡಿ, “ಯಾವ ನಾಲ್ಕು ಮಗ್ಗ ಬಿಚ್ಚೂದು ಅಂತ ವಿಚಾರ ಮಾಡಾಕತ್ತೀನಿ. ನಿಂದೇನೂ ತಪ್ಪಿಲ್ಲವಾ,” ಎಂದರು. ತಪ್ಪಿದೆ ಎಂದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಗುರುವಾರ ಇಳಕಲ್‌ಗೆ ಹೋದೆ. ನಾನು ಅಂಗಡಿಯಲ್ಲಿ ಕುಳಿತಿದ್ದಾಗಲೇ ಹೊರಗೆ ಮಹಾರಾಷ್ಟ್ರದ ಒಂದು ಕಾರು ನಿಂತಿತು. ಒಬ್ಬ ಬಾಯಿ ಇಳಿದರು. ಪುಣೆಯವರೇ. ತವರು ಸೊಲ್ಲಾಪುರವಂತೆ, ಕನ್ನಡ ಚೆನ್ನಾಗಿ ಬರುತ್ತಿತ್ತು. ಸೀರೆ ಕೇಳಲಿಲ್ಲ. ನೇರವಾಗಿ ಮಗ್ಗಗಳಿದ್ದ ಹಿಂದಿನ ಮನೆಗೆ ನಡೆದು, ಎಂಟೂ ಮಗ್ಗದ ಮುಂದೆ ನಿಂತು, ನೇಯುವವರ ಕೈ ನೋಡಿ ಬಂದರು.

“ಎಂಟೂ ಮಗ್ಗದ ಮಾಲು ನಂದ,” ಎಂದರು. “ವರ್ಷಪೂರ್ತಿ.”

ಕಾಕಾ ಕುಳಿತುಬಿಟ್ಟರು. ನಾನು ತಡೆಯಲಾಗದೆ ಕೇಳಿದೆ: “ವೆಬ್‌ಸೈಟ್ ಹ್ಯಾಂಗ ಅನಿಸ್ತ್ರಿ?”

“ಎಲ್ಲಿ ನೋಡೂದು? ಬಂದ್ ಇತ್ತಲ್ಲ.”

“ಮರುದಿನ ತಗದಿತ್ರಿ.”

“ಮರುದಿನ ನೋಡಿ ಏನ್ ಮಾಡ್ಲಿ? ಎಲ್ಲಾರೂ ಕೈಮಗ್ಗ ಕೈಮಗ್ಗ ಅಂತ ಬರೀತಾರ, ಓದಿ ಓದಿ ಸಾಕಾಗೈತಿ. ಅಮವಾಸ್ಯಿಗೆ ಮಗ್ಗ ನಿಂತಾವ ಅಂತ ವ್ಯಾಪಾರ ಬಂದ್ ಮಾಡಿದಾಂವ ಇವನೊಬ್ಬನ. ನಾಳೆ ಬರ್ರಿ ಅಂತ ಬರದಿದ್ರಿ, ಬಂದೆ.” ಆಮೇಲೆ ಕಾಕಾನ ಕಡೆ ತಿರುಗಿ, “ಎರಡು ದಿನ ತಡಾ ಆತು, ಮಾಫ್ ಮಾಡ್ರಿ,” ಎಂದರು.

ಸುದ್ದಿ ಸಂಜೆಯೊಳಗೆ ಓಣಿಗೆಲ್ಲ ಹಬ್ಬಿತು. ಮರುದಿನ ಅದೇ ಓಣಿಯ ಮೂವರು ಅಂಗಡಿಯವರು ನನಗೆ ಫೋನ್ ಮಾಡಿದರು. ಮೂವರಿಗೂ ಬಂದ್ ಇರುವ ವೆಬ್‌ಸೈಟ್ ಬೇಕಿತ್ತು. ಸೀರೆಯ ಫೋಟೊ ತೆಗೆಯಲು ಯಾವಾಗ ಬರಲಿ ಎಂದರೆ, ಒಳಗೆ ಏನೂ ಹಾಕುವುದು ಬೇಡ ಎಂದರು. ಮೂರನೆಯವರು ಮಾತ್ರ ದನಿ ತಗ್ಗಿಸಿದರು.

“ನೋಡವಾ, ನಮ್ಮವು ಪವರ್‌ಲೂಮು. ಅಮವಾಸ್ಯಿಗೂ ನಿಲ್ಲಂಗಿಲ್ಲ. ಅದಕ್ಕ ನಮ್ಮ ವೆಬ್‌ಸೈಟ್ ದಿನಾ ಬಂದ್ ಇರ್ಲಿ.”