ಒಂಬತ್ತನೇ ಪುಟವಿಲ್ಲದ ನೋಟ್ಸಿನ ಪ್ರೊಫೆಸರ್ ಸಾಹೇಬರಿಗೆ

ಮಾನ್ಯರೇ,

ಕಾಲೇಜು ಗೇಟಿನ ಎದುರು ಜೆರಾಕ್ಸ್ ಅಂಗಡಿಯಲ್ಲಿ ನಿಂತು, ಒಂಬತ್ತನೇ ಕ್ಲಾಸಿಗೇ ಓದಿಗೆ ಕೈಮುಗಿದ ನಾನು, ತಮಗೂ, ತಮ್ಮ ಕನ್ನಡಕಕ್ಕೂ, ಸದಾ ಬೀಗ ಹಾಕಿಕೊಂಡೇ ಇರುವ ತಮ್ಮ ರೂಮಿನ ಬಾಗಿಲಿಗೂ ಒಟ್ಟಿಗೇ ನಮಸ್ಕಾರ ಹೇಳುತ್ತಿದ್ದೇನೆ.

'ಕ್ಲಾಸಿನಲ್ಲಿ ಗೆಲ್ಲುವುದು ಹೇಗೆ, ಗುರುಗಳ ಪ್ರೀತಿ ಗಳಿಸುವುದು ಹೇಗೆ' ಎಂಬ ತಮ್ಮ ಉಪದೇಶದ ಹಾಳೆಯನ್ನು ನಾನೂರು ಪ್ರತಿ ತೆಗೆದವನು ನಾನೇ. 'ಮುಂದಿನ ಸಾಲಿನಲ್ಲಿ ಕೂರಿ, ಅರ್ಥವಾಗದ್ದನ್ನು ನಾಚದೆ ಕೇಳಿ, ಮಧ್ಯಾಹ್ನ ಮೂರಕ್ಕೆ ನನ್ನ ರೂಮಿಗೆ ಬನ್ನಿ' ಎಂದಿದ್ದೀರಿ. ಎಂಥಾ ದೊಡ್ಡ ಮನಸ್ಸು. ತಮ್ಮ ಕ್ಲಾಸಿನಲ್ಲೇ ಓದುವ ನಮ್ಮಕ್ಕ ಅದನ್ನು ನಂಬಿಬಿಟ್ಟಳು; ಬರೆದಿದ್ದನ್ನೆಲ್ಲ ನಂಬುವುದು ಓದುವವರಿಗೆ ಇರುವ ಕಾಯಿಲೆ.

ಇನ್ನು ನನ್ನ ತಪ್ಪು. ಮೂರು ವರ್ಷದ ಹಿಂದೆ, ನಾನು ಕೆಲಸಕ್ಕೆ ಸೇರಿದ ವಾರ, ತಮ್ಮ ಕೈಬರಹದ ನೋಟ್ಸಿನ ಒಂಬತ್ತನೇ ಪುಟವನ್ನು ಮೆಷಿನ್ ನುಂಗಿತು. ಹೆದರಿ ಬಾಯಿ ಬಿಡಲಿಲ್ಲ. ಇವತ್ತು ಬಂದು ಉಗಿಯುತ್ತೀರಿ, ನಾಳೆ ಬಂದು ಉಗಿಯುತ್ತೀರಿ ಎಂದು ಕಾದೆ. ತಾವು ಬರಲೇ ಇಲ್ಲ. ಎಂಟನೇ ಪುಟದ ಕೊನೆಯಲ್ಲಿ ನೀರು ಕೊಳವೆಯೊಳಗೆ ಹೊರಡುತ್ತದೆ, ಹತ್ತನೇ ಪುಟದ ಮೊದಲ ಸಾಲಿನಲ್ಲಿ ಗ್ರಹವೊಂದು ಸೂರ್ಯನನ್ನು ಸುತ್ತುತ್ತಿರುತ್ತದೆ. ಕ್ಲಾಸಿನಲ್ಲಿ ನೋಟ್ಸ್ ಓದಿಸುತ್ತಾ ಅಷ್ಟು ದೂರವನ್ನು ತಾವು ಮೂರು ವರ್ಷ, ಒಂದು ಕೆಮ್ಮೂ ಇಲ್ಲದೆ, ಒಂದೇ ನೆಗೆತಕ್ಕೆ ದಾಟಿದ್ದೀರಿ.

ಅಕ್ಕ ಎದ್ದು ನಿಂತು, "ಸರ್, ಆ ನೀರು ಎಲ್ಲಿಗೆ ಹೋಯ್ತು?" ಎಂದಳಂತೆ. ಕ್ಲಾಸಿಗೆ ಕ್ಲಾಸೇ ನಕ್ಕಿತಂತೆ. "ಪಾಠ ನಾನು ಮಾಡ್ಲಾ, ನೀನೇ ಮಾಡ್ತೀಯಾ ತಾಯಿ?" ಎಂದಿರಂತೆ. ಅಲ್ಲಿಂದ ತಮ್ಮ ಪ್ರೀತಿ ಕಟ್ ಆಯಿತು. ಮುಂದಿನ ಓದಿನ ಅರ್ಜಿಗೆ ತಮ್ಮದೊಂದು ಸಹಿ ಬೇಕೆಂದು ಅವಳು ಹತ್ತು ಮಧ್ಯಾಹ್ನ ಬಾಗಿಲ ಮುಂದೆ ನಿಂತಿದ್ದಾಳೆ. ಶುಕ್ರವಾರ ಕೊನೇ ದಿನ. ಸಹಿ ಬೀಳದಿದ್ದರೆ ಅವಳ ಓದು ಅಲ್ಲಿಗೇ ನಿಂತಂತೆ.

"ಬಾಯಿ ಮುಚ್ಕೊಂಡಿದ್ದಿದ್ರೆ ಇಷ್ಟೊತ್ತಿಗೆ ಸಹಿ ಬಿದ್ದಿರ್ತಿತ್ತಲ್ಲೇ" ಅನ್ನುತ್ತಾಳೆ ಅಮ್ಮ. "ಬಾಯಿ ಮುಚ್ಕೊಂಡಿರೋಕೆ ಕಾಲೇಜ್ ಯಾಕಮ್ಮ, ಮನೇಲೇ ಇರ್ತಿದ್ದೆ" ಅನ್ನುತ್ತಾಳೆ ಅಕ್ಕ.

ಪುಟ ಕಳೆದವನು ನಾನು, ಶಿಕ್ಷೆ ಮಾತ್ರ ಪ್ರಶ್ನೆ ಕೇಳಿದವಳಿಗೆ. ಬೇಕಾದರೆ ನನ್ನನ್ನು ಎಳೆದುಕೊಂಡು ಹೋಗಿ ಮತ್ತೆ ಒಂಬತ್ತನೇ ಕ್ಲಾಸಿಗೆ ಕೂರಿಸಿ. ಅದಾಗದಿದ್ದರೆ ಮೂರರಿಂದ ನಾಲ್ಕರವರೆಗೆ ತಮ್ಮ ಬಲಗೈಯೊಂದನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ಹೋಗಿ. ಮಿಕ್ಕ ತಾವು ಎಲ್ಲಿದ್ದರೂ ನಮಗೇನೂ ತೊಂದರೆಯಿಲ್ಲ.

ಮೂರು ವರ್ಷ ತಮ್ಮ ಮಾನ ಕಾಯ್ದ
ತಮ್ಮ ವಿಶ್ವಾಸಿ,
ಜೆರಾಕ್ಸಿನವನು

ತಾ.ಕ.: ಮೊನ್ನೆ ಮೆಷಿನ್ ಬಿಚ್ಚಿದಾಗ ಒಳಗೆ ಒಂಬತ್ತನೇ ಪುಟ ಸಿಕ್ಕಿತು. ಅಕ್ಕನಿಗೆ ಕೊಟ್ಟೆ. ತಮಗಾಗಿ ಕಾಯುತ್ತಾ ಬಾಗಿಲ ಮುಂದೆ ಕೂರುವ ಹನ್ನೊಂದು ಜನಕ್ಕೆ ಅವಳೀಗ ದಿನಾ ಅದನ್ನು ಬಿಡಿಸಿ ಹೇಳುತ್ತಾಳೆ. ಪ್ರತಿಗಳನ್ನು ಕೊಡಲು ಹೋದ ನನಗೂ ಅರ್ಥವಾಯಿತು. ಶುಕ್ರವಾರ ತಾವು ಬಂದರೆ ಸ್ವಲ್ಪ ಸರಿದು ಜಾಗ ಬಿಡುತ್ತೇವೆ. ಮೊದಲು ಸಹಿ ಹಾಕಿ, ಆಮೇಲೆ ಕೂತುಕೊಳ್ಳಿ.